ಉಳಿಸಿಟ್ಟ ಆರು ಹನಿ

ಟ್ಯೂಬು ನನ್ನ ಕೈಗೆ ಬಂದಾಗ ಇನ್ನೂ ಸ್ವಲ್ಪ ಬೆಚ್ಚಗಿತ್ತು. ಏಳು ವರ್ಷದ ಹುಡುಗಿಯೊಬ್ಬಳ ಸೊಂಟದ ಎಲುಬಿನಿಂದ ಆಗಷ್ಟೇ ತೆಗೆದ ಮಜ್ಜೆ ಅದು. ಒಂದೂವರೆ ಮಿಲಿಲೀಟರ್ ಇರಬಹುದು. ಆಪರೇಷನ್ ಥಿಯೇಟರಿನ ನರ್ಸ್ ಅದನ್ನು ಕೊಡುವಾಗ ಹೇಳಿದ್ದು ಇಷ್ಟೇ: "ಅಕ್ಕ, ಜಾಗ್ರತೆ. ಮಗುವಿಗೆ ಪ್ರಜ್ಞೆ ತಪ್ಪಿಸಿ ತೆಗೆದದ್ದು. ಇನ್ನೊಂದು ಸಲ ಆಗ್ಲಿಕ್ಕಿಲ್ಲ."

ಹುಡುಗಿಗೆ ರಕ್ತದ ಕ್ಯಾನ್ಸರು. ಮೊದಲ ಸುತ್ತಿನ ಔಷಧಿ ಮುಗಿದಿತ್ತು. ಮಜ್ಜೆಯಲ್ಲಿ ರೋಗದ ಕೋಶ ಉಳಿದಿದೆಯೋ ಇಲ್ಲವೋ ಎಂದು ನಾವು ನೋಡಿ ಹೇಳಬೇಕಿತ್ತು. ಉಳಿದಿಲ್ಲವಾದರೆ ಮುಂದಿನ ಔಷಧಿ ಹಗುರದ್ದು. ಉಳಿದಿದ್ದರೆ ನಾಳೆಯಿಂದಲೇ ಬಲವಾದದ್ದು, ದೊಡ್ಡವರೇ ತಡೆದುಕೊಳ್ಳಲಾರದಂಥದ್ದು. ಮಗುವಿನ ತಾಯಿ ಕೊಕ್ಕಡದವರು. ನಸುಕಿಗೇ ಹೊರಟು ಮೂಡುಬಿದಿರೆಗೆ ಬಂದು, ನಮ್ಮ ಲ್ಯಾಬಿನ ಬಾಗಿಲ ಎದುರಿನ ಬೆಂಚಿನಲ್ಲಿ ಒಂದು ಬಟ್ಟೆಯ ಚೀಲ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು.

ನಾನು ಬಂಟ್ವಾಳದ ಕಡೆಯ ಗೃಹಿಣಿ. ಬೆಳಿಗ್ಗೆ ಮನೆಯ ಕೆಲಸ ಮುಗಿಸಿ ಸಿದ್ದಕಟ್ಟೆ ಮೇಲಿನ ಬಸ್ಸಿನಲ್ಲಿ ಮೂಡುಬಿದಿರೆಗೆ ಹೋಗಿ, ಆಸ್ಪತ್ರೆಯ ಲ್ಯಾಬಿನಲ್ಲಿ ಎರಡು ಗಂಟೆಯವರೆಗೆ ಕೆಲಸ ಮಾಡಿ ಬರುವವಳು. ಮದುವೆಗೆ ಮುಂಚೆ ಕಲಿತದ್ದನ್ನು ಮತ್ತೆ ಕೈಗೆ ತಂದುಕೊಂಡು ಆಗ ಒಂದು ವರ್ಷವಾಗಿತ್ತಷ್ಟೆ. ಫ್ಲೋ ಸೈಟೋಮೀಟರ್ ಎಂಬ ಯಂತ್ರ ನನ್ನ ವಶದಲ್ಲಿತ್ತು. ನೋಡಲು ಮಿಕ್ಸಿ, ಗ್ರೈಂಡರು ಇಡುವ ಮೇಜಿನ ಮೇಲೆಯೇ ಕೂರುವಷ್ಟು ದೊಡ್ಡದು. ಒಳಗೆ ಕೂದಲಿನಷ್ಟು ಸಣ್ಣ ದಾರಿಯಲ್ಲಿ ನೀರಿನ ಜೊತೆ ಕೋಶಗಳು ಒಂದರ ಹಿಂದೆ ಒಂದು ಸಾಲಾಗಿ ಹೋಗುತ್ತವೆ. ಲೇಸರ್ ಬೆಳಕು ಅವುಗಳ ಮೇಲೆ ಬೀಳುತ್ತದೆ. ನಾವು ಮೊದಲೇ ಅಂಟಿಸಿದ ಬಣ್ಣ ಹೊಳೆಯುತ್ತದೆ. ಒಂದು ಕೋಶಕ್ಕೆ ಪರದೆಯ ಮೇಲೆ ಒಂದು ಚುಕ್ಕೆ. ಆರೋಗ್ಯದ ಕೋಶಗಳು ಒಂದು ಕಡೆ ಗುಂಪಾಗಿ ಕೂರುತ್ತವೆ, ರೋಗದವು ಬೇರೆ ಮೂಲೆಯಲ್ಲಿ. ಆ ಮೂಲೆ ಖಾಲಿ ಕಾಣಲಿ ಎಂದು ನಾನು ಪ್ರತಿ ಸಲ ಮನಸ್ಸಿನಲ್ಲೇ ದೇವರ ಹೆಸರು ಹೇಳಿಕೊಳ್ಳುತ್ತೇನೆ.

ವಿಜಯದಶಮಿ ಮುಗಿದು ಲ್ಯಾಬು ತೆರೆದ ಮೊದಲ ದಿನ ಅದು. ಎರಡು ದಿನದ ಹಿಂದೆ ಆಯುಧ ಪೂಜೆ ಮಾಡಿದ್ದೆವು. ಮಾಡಿದ್ದೆವು ಎಂದರೆ, ನಾನು ಹಟ ಹಿಡಿದು ಮಾಡಿದ್ದೆ. ನಮ್ಮ ಡಾಕ್ಟ್ರು, ನನಗಿಂತ ಪ್ರಾಯದಲ್ಲಿ ಚಿಕ್ಕವರು, ನಗುತ್ತಲೇ ಒಪ್ಪಿದ್ದರು: "ಮಾಡಿ ಅಕ್ಕ. ಆದ್ರೆ ಮೆಷಿನ್‌ಗೆ ಏನೂ ಹಚ್ಚಬೇಡಿ." ನಾನು ಮಾತು ಮೀರಲಿಲ್ಲ. ಯಂತ್ರದ ಮುಚ್ಚಳದ ಮೇಲೆ ಒಂದು ಸೇವಂತಿಗೆ ಮಾತ್ರ ಇಟ್ಟಿದ್ದೆ.

ಬೆಳಿಗ್ಗೆ ಆ ಬಾಡಿದ ಹೂ ತೆಗೆದು ಯಂತ್ರ ಚಾಲೂ ಮಾಡಿದೆ. ಒಳಗೆ ಹರಿಯುವ ದ್ರವದ ಡಬ್ಬ ತುಂಬಿಸಿದೆ, ಕೊಳೆ ನೀರಿನ ಡಬ್ಬ ಖಾಲಿ ಮಾಡಿ ಅದಕ್ಕೆ ಬ್ಲೀಚ್ ಹಾಕಿದೆ. ಲೇಸರ್ ಕಾಯಲು ಅರ್ಧ ಗಂಟೆ ಬಿಟ್ಟೆ. ಆಮೇಲೆ ಅಳತೆಯ ಮಣಿಗಳನ್ನು ಓಡಿಸಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಮಣಿಗಳವು. ದಿನಾ ಒಂದೇ ಜಾಗದಲ್ಲಿ ಬಂದು ಕೂತರೆ ಯಂತ್ರ ಸರಿ ಉಂಟು ಎಂದರ್ಥ. ಕೂತವು. ಅಲ್ಲಿಗೆ ಒಂದು ಸಮಾಧಾನ.

ಮಜ್ಜೆಯನ್ನು ಪೂರ್ತಿ ಬಳಸಬೇಕೆಂದು ನಿಯಮವೇನೂ ಇಲ್ಲ. ಹೆಚ್ಚು ಕೋಶ ಸಿಕ್ಕಿದಷ್ಟೂ ಒಳ್ಳೆಯದು ಎಂದು ಹೆಚ್ಚಿನವರು ಎಲ್ಲವನ್ನೂ ಹಾಕಿಬಿಡುತ್ತಾರೆ. ನನಗೆ ಕೈ ಬರುವುದಿಲ್ಲ. ಸಾರಿಗೆ ಹುಣಸೆ ಹುಳಿಯನ್ನು ಒಮ್ಮೆಗೇ ಪೂರ್ತಿ ಹಾಕದೆ ಸ್ವಲ್ಪ ಬದಿಗಿಟ್ಟುಕೊಳ್ಳುವ ಅಭ್ಯಾಸ ಅತ್ತೆಯಿಂದ ಬಂದದ್ದು. ಹಾಗೆಯೇ ಮುನ್ನೂರು ಮೈಕ್ರೋಲೀಟರ್, ಅಂದರೆ ಸುಮಾರು ಆರು ಹನಿ, ಟ್ಯೂಬಿನಲ್ಲೇ ಬಿಟ್ಟು ಮುಚ್ಚಿ ಸ್ಟ್ಯಾಂಡಿನಲ್ಲಿ ನಿಲ್ಲಿಸಿದೆ. ಉಳಿದದ್ದಕ್ಕೆ ಕೆಂಪು ರಕ್ತಕಣ ಕರಗಿಸುವ ದ್ರವ ಹಾಕಿದೆ. ಸೆಂಟ್ರಿಫ್ಯೂಜಿನಲ್ಲಿ ಗಿರ್ರನೆ ತಿರುಗಿಸಿ, ಕೋಶಗಳು ತಳಕ್ಕೆ ಕೂತ ಮೇಲೆ ಮೇಲಿನ ನೀರು ಚೆಲ್ಲಿದೆ. ಬಫರ್ ಎಂಬ ಉಪ್ಪುನೀರಿನಿಂದ ಎರಡು ಸಲ ತೊಳೆದೆ. ಬಣ್ಣ ಹಾಕಿ ಇಪ್ಪತ್ತು ನಿಮಿಷ ಕತ್ತಲೆಯಲ್ಲಿ ಇಟ್ಟು, ಇನ್ನೊಮ್ಮೆ ಬಫರಿನಿಂದ ತೊಳೆದು ಯಂತ್ರಕ್ಕೆ ಕೊಟ್ಟೆ. ಆಗ ಹನ್ನೊಂದು ಗಂಟೆ.

ಮೊದಲ ಒಂದು ನಿಮಿಷ ಚುಕ್ಕೆಗಳು ಚೆನ್ನಾಗಿಯೇ ಬಂದವು. ಆಮೇಲೆ ನಿಧಾನವಾದವು. ಸೆಕೆಂಡಿಗೆ ಎರಡು ಸಾವಿರ ಇದ್ದದ್ದು ಎಂಟುನೂರಾಯಿತು, ನೂರಾಯಿತು. ಕೊನೆಗೆ ಯಂತ್ರ ಕೂಗಿತು. ದಾರಿ ಕಟ್ಟಿತ್ತು.

ಟ್ಯೂಬು ಹೊರಗೆ ತೆಗೆದೆ. ಕೋಶಗಳನ್ನು ಒಳಗೆಳೆಯುವ ಸೂಜಿಯ ತುದಿಯಲ್ಲಿ ಗುಳ್ಳೆಗಳು. ನೆಲ ಒರೆಸಲು ಬಂದಿದ್ದ ಆಯಾ ಕೋಲು ನಿಲ್ಲಿಸಿ ಇಣುಕಿದರು. "ಎಂತ, ಇದಕ್ಕೆ ಗ್ಯಾಸ್ ಆಗಿದೆಯಾ? ರಜೆಯಲ್ಲಿ ಪಂಚಕಜ್ಜಾಯ ಜಾಸ್ತಿ ತಿಂದಿರಬೇಕು ನಿಮ್ಮ ಮೆಷಿನ್ನು. ಜೀರಿಗೆ ಕಷಾಯ ಕೊಡುವ." ಬೇರೆ ದಿನವಾದರೆ ನಗುತ್ತಿದ್ದೆ.

ಬೆಂಗಳೂರಿನ ಸರ್ವಿಸ್ ಎಂಜಿನಿಯರಿಗೆ ಫೋನು ಮಾಡಿದೆ. ಅವರು ಅವಸರವಿಲ್ಲದೆ ಒಂದೊಂದೇ ಹೇಳಿದರು. ಮೊದಲು ಹಿಂದಕ್ಕೆ ನೀರು ತಳ್ಳುವ ಗುಂಡಿ ಒತ್ತಿ, ಆಮೇಲೆ ಬ್ಲೀಚಿನ ಟ್ಯೂಬಿಟ್ಟು ಹತ್ತು ನಿಮಿಷ ಓಡಿಸಿ, ಆಮೇಲೆ ಡಿಸ್ಟಿಲ್ಡ್ ನೀರು ಅಷ್ಟೇ ಹೊತ್ತು. "ಮಧ್ಯದಲ್ಲಿ ನಿಲ್ಲಿಸ್ಬೇಡಿ ಮೇಡಂ. ಬ್ಲೀಚ್ ಒಳಗೇ ಉಳಿದ್ರೆ ಮುಂದಿನ ಸ್ಯಾಂಪಲ್‌ನ ಕೋಶಗಳನ್ನ ಸಾಯಿಸ್ಬಿಡುತ್ತೆ." ಇಪ್ಪತ್ತು ನಿಮಿಷ ಆ ಸ್ಟೂಲಿನಲ್ಲಿ ಕುಳಿತು ದೇವಿಯ ಹೆಸರು ಹೇಳಿಕೊಂಡೆ. ಅಷ್ಟರಲ್ಲಿ ಕರೆಂಟು ಹೋಗಲಿಲ್ಲ, ಅದೂ ಒಂದು ದಯೆ. ಕೊನೆಗೆ ದಾರಿ ಬಿಟ್ಟಿತು. ಬಣ್ಣ ಹಾಕಿದ ಟ್ಯೂಬಿನಲ್ಲಿ ಉಳಿದಿದ್ದನ್ನು ಸಣ್ಣ ನೈಲಾನ್ ಜಾಲರಿಯಲ್ಲಿ ಸೋಸಿ ಮತ್ತೆ ಇಟ್ಟೆ.

ಈ ಸಲ ಅದು ನಿಲ್ಲದೆ ಓಡಿತು. ಆರೋಗ್ಯದ ಗುಂಪುಗಳು ಅವವುಗಳ ಜಾಗದಲ್ಲಿ ಕೂತವು. ಅಷ್ಟರಲ್ಲಿ, ಖಾಲಿ ಇರಬೇಕಾದ ಮೂಲೆಯಲ್ಲಿ ಚುಕ್ಕೆಗಳು ಬೀಳತೊಡಗಿದವು. ಮೊದಲು ನಾಲ್ಕೈದು, ಆಮೇಲೆ ಹತ್ತಿಪ್ಪತ್ತು. ಮುಗಿಯುವಾಗ ಅಲ್ಲಿ ಒಂದು ಮೋಡವೇ ಕಟ್ಟಿತ್ತು.

ಡಾಕ್ಟ್ರು ಬೆಳಗ್ಗಿನ ಹೊತ್ತು ಬೆಳ್ತಂಗಡಿಯಲ್ಲಿ ರೋಗಿಗಳನ್ನು ನೋಡುವವರು. ಫೋನಿನಲ್ಲಿ ಹೇಳಿದೆ. "ಸೇವ್ ಮಾಡಿ ಇಡಿ. ಯಾರ ಹತ್ರವೂ ಏನೂ ಹೇಳುವುದು ಬೇಡ. ನಾನು ಒಂದೂವರೆಯೊಳಗೆ ಬರ್ತೇನೆ" ಎಂದರು.

ಫೋನಿಟ್ಟು ತಿರುಗುವಾಗ ಬಾಗಿಲ ಗಾಜಿನ ಆಚೆ ಆ ತಾಯಿ ನಿಂತಿದ್ದರು. ಹೊರಗೆ ಹೋಗದೆ ವಿಧಿಯಿರಲಿಲ್ಲ. ನಾವು ಆಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಕ್ಕ, ನೋಡಿ ಆಯ್ತಾ?"

"ಇಲ್ಲ. ಮೆಷಿನ್ ಸ್ವಲ್ಪ ತೊಂದರೆ ಕೊಟ್ಟಿತು. ಡಾಕ್ಟ್ರು ಬರ್ಬೇಕು."

"ಅವಳು ಎದ್ದಿದ್ದಾಳೆ. ಕೂದಲು ಯಾವಾಗ ಬರ್ತದೆ ಅಂತ ಕೇಳ್ತಾ ಇದ್ದಾಳೆ. ಔಷಧಿ ಮುಗಿದ ಮೇಲೆ ಅಂತ ಹೇಳಿದ್ದೇನೆ. ಸರಿಯಲ್ವಾ?"

ಸರಿ ಎಂದೆ. ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಮತ್ತೊಮ್ಮೆ ಆ ಮೋಡವನ್ನು ನೋಡಿದೆ. ನೋಡುತ್ತಿದ್ದ ಹಾಗೆ ಏನೋ ಒಂದು ಸರಿ ಇಲ್ಲ ಎನಿಸಿತು. ಕೋಶಗಳ ಗುಂಪು ಇಡ್ಲಿಯ ಹಾಗೆ ದುಂಡಗೆ ಕೂರುತ್ತದೆ. ಇದಕ್ಕೆ ಬಾಲವಿತ್ತು. ಕೆಳಗಿನಿಂದ ಮೇಲಕ್ಕೆ ಓರೆಯಾಗಿ ಎಳೆದ ಹಾಗೆ. ಯಂತ್ರದೊಳಗೆ ಕಸ ಉಳಿದಿರಬಹುದು ಎಂದು ಒಂದು ಖಾಲಿ ಟ್ಯೂಬಿಗೆ ಡಿಸ್ಟಿಲ್ಡ್ ನೀರು ಹಾಕಿ ಓಡಿಸಿದೆ. ಪರದೆ ಖಾಲಿ. ಯಂತ್ರ ಶುದ್ಧವಾಗಿತ್ತು. ಹಾಗಾದರೆ ಅದು ಮಗುವಿನದ್ದೇ ಎಂದಾಯಿತು. ಆಗ ಅತ್ತುಬಿಟ್ಟೆ. ಕಣ್ಣು ಒರೆಸಲು ಕೈಗವಸು ತೆಗೆಯಬೇಕಲ್ಲ, ಬಲಗೈಯದ್ದನ್ನು ಎಳೆಯುವಾಗ ಹೆಬ್ಬೆರಳಿನ ತುದಿಯಲ್ಲಿ ಹಳದಿ ಕಲೆ ಕಂಡಿತು.

ಲ್ಯಾಬಿನಲ್ಲಿ ಹಳದಿಯಾದದ್ದು ಏನೂ ಇಲ್ಲ. ಮೂತ್ರದ ಪರೀಕ್ಷೆ ಬೇರೆ ಕೋಣೆಯಲ್ಲಿ. ಬೆಳಿಗ್ಗೆಯಿಂದ ಮುಟ್ಟಿದ್ದನ್ನೆಲ್ಲ ಒಂದೊಂದಾಗಿ ನೋಡುತ್ತಾ ಬಂದೆ. ಬಫರಿನ ಬಾಟಲಿಯ ಹತ್ತಿರ ಬಂದಾಗ ನಿಂತೆ.

ಬಾಟಲಿಯ ಕುತ್ತಿಗೆಯಲ್ಲಿ, ಮುಚ್ಚಳದ ಕೆಳಗೇ, ಒಣಗಿದ ಅರಿಶಿನ. ಮಧ್ಯದಲ್ಲಿ ಕುಂಕುಮದ ಬೊಟ್ಟು. ಅಂಚು ಪುಡಿಪುಡಿಯಾಗಿ ಉದುರುತ್ತಿತ್ತು.

ಅದನ್ನು ಹಚ್ಚಿದ್ದು ನಾನೇ. ಯಂತ್ರಕ್ಕೆ ಏನೂ ಹಚ್ಚಬೇಡಿ ಎಂದು ಡಾಕ್ಟ್ರು ಹೇಳಿದ್ದರಲ್ಲ, ಅದಕ್ಕೇನೋ ಹೂ ಮಾತ್ರ ಇಟ್ಟೆ. ಹಾಗೆಂದು ಪೂಜೆಯೇ ಅರೆಬರೆಯಾದರೆ ಹೇಗೆ ಎಂದು ಉಳಿದ ಸಾಮಾನಿಗೆಲ್ಲ ಮನೆಯ ಕ್ರಮದಂತೆ ಅರಿಶಿನ ಕಲಸಿ ಹಚ್ಚಿದ್ದೆ. ಸೆಂಟ್ರಿಫ್ಯೂಜಿಗೆ, ಹನಿ ಅಳೆಯುವ ಪಿಪೆಟ್ಟಿನ ಸ್ಟ್ಯಾಂಡಿಗೆ, ತೊಳೆಯುವ ಬಫರಿನ ಬಾಟಲಿಗೆ. ಮನೆಯಲ್ಲಿ ನೀರಿನ ಕೊಡಕ್ಕೆ ಕುತ್ತಿಗೆಯಲ್ಲೇ ಹಚ್ಚುವುದು. ಕೈ ತಾನಾಗಿ ಅಲ್ಲಿಗೇ ಹೋಗಿತ್ತು. ಬೆಳಿಗ್ಗೆ ಮುಚ್ಚಳ ತಿರುಗಿಸಿ ಬಗ್ಗಿಸಿದಾಗಲೆಲ್ಲ ಅದರ ಪುಡಿ ಬಫರಿನ ಜೊತೆ ಇಳಿದಿರಬೇಕು. ಪ್ರತಿ ಸಲ ತೊಳೆಯುವಾಗ ಕೊಳೆ ಹೋಗುತ್ತದೆಂದು ನಾನು ತಿಳಿದಿದ್ದೆ. ನಿಜವಾಗಿ ಪ್ರತಿ ಸಲವೂ ಅರಿಶಿನ ಸೇರುತ್ತಿತ್ತು. ದಪ್ಪ ಪುಡಿ ದಾರಿ ಕಟ್ಟಿತ್ತು, ನುಣ್ಣನೆಯದು ಜಾಲರಿಯನ್ನೂ ದಾಟಿತ್ತು. ಬೆಳಿಗ್ಗೆ ಮಣಿಗಳಿಗೆ ಬಫರು ಬೇಕಾಗಲಿಲ್ಲ, ಅವು ಪಾಸಾದವು. ಈಗ ಡಿಸ್ಟಿಲ್ಡ್ ನೀರು ಬೇರೆ ಬಾಟಲಿಯದ್ದು, ಅದೂ ಪಾಸಾಯಿತು.

ಖಚಿತ ಮಾಡಿಕೊಳ್ಳಲು ಒಂದು ದಾರಿ ಇತ್ತು. ಯಾರ ಕೋಶವೂ ಇಲ್ಲದ ಟ್ಯೂಬಿಗೆ ಆ ಬಾಟಲಿಯ ಬಫರನ್ನು ಮಾತ್ರ ಹಾಕಿ, ಸೋಸಿ, ಯಂತ್ರಕ್ಕೆ ಕೊಟ್ಟೆ. ಅದೇ ಮೂಲೆಯಲ್ಲಿ, ಅದೇ ಬಾಲದ ಜೊತೆ, ಚುಕ್ಕೆಗಳು ಬಿದ್ದವು.

ಸಂತೋಷವಾಗಬೇಕಿತ್ತು. ಆಗಲಿಲ್ಲ. ಅದುವರೆಗೆ ಮಗುವಿನ ಬಗ್ಗೆ ಇದ್ದ ಭಯದ ಮೇಲೆ ನನ್ನ ಬಗ್ಗೆ ಇನ್ನೊಂದು ಭಯ ಬಂದು ಕೂತಿತು. ಗಂಟೆ ಹನ್ನೆರಡೂ ಮುಕ್ಕಾಲು. ಡಾಕ್ಟ್ರು ಬರಲು ಇನ್ನೂ ಮುಕ್ಕಾಲು ಗಂಟೆ ಇತ್ತು. ಬಾಟಲಿಯನ್ನು ಸಿಂಕಿಗೆ ಚೆಲ್ಲಿ ತೊಳೆದಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಹೊಸ ಬಾಟಲಿ ಒಡೆದು, ಉಳಿದ ಆರು ಹನಿಯನ್ನು ತಯಾರು ಮಾಡಿ, ದಾರಿ ಕಟ್ಟಿದ್ದರಿಂದ ಮತ್ತೆ ಮಾಡಿದೆ ಎಂದರೆ ಮುಗಿಯಿತು. ಕಟ್ಟಿದ್ದು ಸುಳ್ಳೂ ಅಲ್ಲ. ಹೇಳಿದರೆ ಮಾತ್ರ, ಹದಿಮೂರು ವರ್ಷ ಮನೆಯಲ್ಲಿದ್ದವಳನ್ನು ಕೆಲಸಕ್ಕೆ ತೆಗೆದುಕೊಂಡದ್ದೇ ತಪ್ಪು ಎಂದು ಯಾರಾದರೂ ಅಂದಾರು. ದೇವರನ್ನು ಲ್ಯಾಬಿನೊಳಗೆ ತಂದು ಮಗುವಿನ ಜೀವದ ಜೊತೆ ಆಟವಾಡಿದಳು ಎಂದೂ ಅಂದಾರು. ಆ ಎರಡನೆಯದು ನನ್ನನ್ನು ಹೆಚ್ಚು ಚುಚ್ಚಿತು.

ಬಾಟಲಿಯನ್ನು ಕೈಗೆತ್ತಿಕೊಂಡು ಸಿಂಕಿನ ತನಕ ಹೋದದ್ದು ನಿಜ. ಇಲ್ಲಿ ಅದನ್ನು ಮುಚ್ಚಿಡುವುದಿಲ್ಲ.

ಅಲ್ಲಿ ನಿಂತಾಗ ಆ ಆರು ಹನಿಯ ನೆನಪು ಬಂತು. ಇದ್ದದ್ದು ಅಷ್ಟೇ. ಬಣ್ಣದ ದ್ರವವೂ ಇನ್ನೊಂದು ಸಲಕ್ಕೆ ಮಾತ್ರ ಇತ್ತು. ನಾನು ಒಬ್ಬಳೇ ಗಡಿಬಿಡಿಯಲ್ಲಿ ಅದನ್ನು ಹಾಳು ಮಾಡಿದರೆ ಮಗುವನ್ನು ಮತ್ತೆ ಥಿಯೇಟರಿಗೆ ಒಯ್ಯಬೇಕು. ಅರಿಶಿನದ ಮೋಡದ ಅಡಿಯಲ್ಲಿ ನಿಜವಾದ ರೋಗದ ಕೋಶ ಅಡಗಿರಬಹುದೋ ಎಂಬುದೂ ನನಗೆ ತಿಳಿಯದು. ಕೊನೆಯ ಹನಿಯನ್ನು ಏನು ಮಾಡಬೇಕೆಂದು ಹೇಳಬೇಕಾದವರಿಗೆ ಮೊದಲು ಏನಾಯಿತೆಂದು ಗೊತ್ತಿರಬೇಕು. ಬಾಟಲಿಯನ್ನು ತಂದು ಡಾಕ್ಟ್ರ ಮೇಜಿನ ಮೇಲೆ, ಕಲೆ ಎದುರಿಗೆ ಕಾಣುವ ಹಾಗೆ ಇಟ್ಟೆ. ಬರೀ ಬಫರಿನ ಚಿತ್ರವನ್ನೂ ಮಗುವಿನ ಚಿತ್ರವನ್ನೂ ಪ್ರಿಂಟು ತೆಗೆದು ಪಕ್ಕದಲ್ಲಿಟ್ಟೆ. ಆಮೇಲೆ ಮನೆಗೆ ಫೋನು ಮಾಡಿ ತಡವಾಗುತ್ತದೆ ಎಂದೆ. ಅತ್ತೆ ಯಾಕೆಂದು ಕೇಳಲಿಲ್ಲ. ಮಗಳು ಶಾಲೆಯಿಂದ ಬಂದರೆ ತಾನೇ ಬಡಿಸುತ್ತೇನೆ, ಕೆಲಸ ಮುಗಿಸಿಯೇ ಬಾ ಎಂದರು.

ಡಾಕ್ಟ್ರು ಬಂದವರು ಚೀಲ ಕೂಡ ಇಳಿಸದೆ ಎರಡೂ ಹಾಳೆ ನೋಡಿದರು. ಬಾಟಲಿ ನೋಡಿದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ, ಸಿಂಕಿನ ತನಕ ಹೋದದ್ದನ್ನೂ ಹೇಳಿದೆ.

"ಬಾಟಲಿಗೂ ಹಚ್ಚಿದ್ರಾ?"

"ಹಚ್ಚಿದೆ ಡಾಕ್ಟ್ರೇ."

ಅವರು ಕುರ್ಚಿಯಲ್ಲಿ ಕೂತರು. ಮುಖದಲ್ಲಿ ಸಿಟ್ಟಿತ್ತು, ಇಲ್ಲವೆಂದು ಬರೆದರೆ ಸುಳ್ಳಾಗುತ್ತದೆ. "ಅರಿಶಿನ ಲೇಸರಿನ ನೀಲಿ ಬೆಳಕಿಗೆ ಹೊಳೀತದೆ ಅಕ್ಕ. ನಮ್ಮ ಹಸಿರು ಬಣ್ಣದ ಹಾಗೆಯೇ ಕಾಣ್ತದೆ. ನೀವು ಈ ಬಾಟಲಿ ತೊಳೆದಿದ್ರೆ ನಾನು ಮೊದಲನೇ ಚಿತ್ರವನ್ನು ನಂಬಿಬಿಡ್ತಿದ್ದೆನೋ ಏನೋ. ಎರಡನೆಯದು ಖಾಲಿ ಬಂದ್ರೂ ಯಾವುದು ಸರಿ ಅಂತ ತಲೆ ಕೆಡಿಸಿಕೊಂಡು, ಯಾವುದಕ್ಕೂ ಇರ್ಲಿ ಅಂತ ಮಗುವಿಗೆ ಬಲದ ಔಷಧಿಯೇ ಬರೀತಿದ್ದೆ." ಆಮೇಲೆ, "ಮೆಷಿನ್‌ಗೆ ಹಚ್ಚಬೇಡಿ ಅಂದೆ. ಬಾಟಲಿ ನನಗೂ ನೆನಪಾಗ್ಲಿಲ್ಲ" ಎಂದರು.

ಉಳಿದದ್ದನ್ನು ಅವರೇ ಮಾಡಲಿ ಎಂದು ಕೇಳಿಕೊಂಡೆ. ನನ್ನ ಕೈಯ ಮೇಲೆ ನನಗೆ ನಂಬಿಕೆ ಇರಲಿಲ್ಲ.

"ಬೇಡ. ನಾನು ಪಿಪೆಟ್ ಹಿಡಿಯದೆ ಎಷ್ಟು ವರ್ಷ ಆಯ್ತು. ನೀವೇ ಮಾಡಿ, ನಾನು ಪಕ್ಕದಲ್ಲಿ ನಿಂತು ಒಂದೊಂದೇ ಓದ್ತೇನೆ."

ಮೊದಲು ಇಬ್ಬರೂ ಸೇರಿ ಮೇಜನ್ನೆಲ್ಲ ಸ್ಪಿರಿಟಿನಿಂದ ಒರೆಸಿದೆವು. ಸೆಂಟ್ರಿಫ್ಯೂಜಿನ ಬೊಟ್ಟು, ಸ್ಟ್ಯಾಂಡಿನ ಬೊಟ್ಟು ಎರಡನ್ನೂ ನಾನೇ ಅಳಿಸಿದೆ. ದೇವಿಯ ಹಣೆಯನ್ನೇ ಒರೆಸಿದ ಹಾಗೆ ಎದೆ ಹಿಂಡಿತು. ಬಟ್ಟೆಯನ್ನು ಕಸಕ್ಕೆ ಹಾಕಲು ಮನಸ್ಸಾಗದೆ ಬೇರೆ ಚೀಲದಲ್ಲಿ ಕಟ್ಟಿಟ್ಟೆ. ಕೈಗವಸು ಬದಲಿಸಿ, ಸೀಲು ಒಡೆಯದ ಹೊಸ ಬಫರು ತಂದು, ಮಗುವಿನ ಹನಿಯನ್ನು ಮುಟ್ಟುವ ಮೊದಲು ಅದನ್ನು ಒಂಟಿಯಾಗಿ ಓಡಿಸಿದೆವು. ಖಾಲಿ. ಆಮೇಲೆ ಆರು ಹನಿ. ಡಾಕ್ಟ್ರು ಓದಿದರು, ನಾನು ಮಾಡಿದೆ. ತಿರುಗಿಸಿದ ಮೇಲೆ ಟ್ಯೂಬಿನ ತಳದಲ್ಲಿ ಕುಳಿತ ಕೋಶಗಳ ಗಂಟು ಸಾಸಿವೆಗಿಂತ ಸಣ್ಣದಿತ್ತು. ಮೇಲಿನ ನೀರು ಚೆಲ್ಲುವಾಗ ಅದೂ ಜಾರಿಬಿಟ್ಟರೆ ಎಲ್ಲ ಮುಗಿದಂತೆ. ಉಸಿರು ಬಿಗಿ ಹಿಡಿದು ಬಗ್ಗಿಸಿದೆ. ಉಳಿಯಿತು. ಪ್ರತಿ ಸಲವೂ ಉಳಿಯಿತು.

ಯಂತ್ರಕ್ಕೆ ಕೊಡುವಾಗ ಗಂಟೆ ಮೂರು ದಾಟಿತ್ತು. ಐದು ಲಕ್ಷ ಕೋಶವಾದರೂ ಹಾದುಹೋಗಬೇಕು, ಅದಕ್ಕಿಂತ ಕಡಿಮೆಯಾದರೆ ರೋಗವಿಲ್ಲ ಎಂದು ಬರೆಯಲು ಧೈರ್ಯ ಸಾಲದು ಎಂದು ಡಾಕ್ಟ್ರು ಮೊದಲೇ ಹೇಳಿದ್ದರು. ಒಂದು ಲಕ್ಷವಾಯಿತು. ಮೂಲೆ ಖಾಲಿ. ಎರಡು, ಮೂರು. ನಾನು ಸಂಖ್ಯೆಯನ್ನು ನೋಡಲಿಲ್ಲ, ಮೂಲೆಯನ್ನೇ ನೋಡುತ್ತಿದ್ದೆ. ನಾಲ್ಕು ಲಕ್ಷದ ಹತ್ತಿರ ಅಲ್ಲಿ ಒಂದು ಚುಕ್ಕೆ ಬಿತ್ತು. ನನ್ನ ಕೈ ಡಾಕ್ಟ್ರ ತೋಳು ಹಿಡಿದಿತ್ತು. "ಒಂದು ಬೀಳ್ತದೆ, ಅದಕ್ಕೆ ಲೆಕ್ಕವಿಲ್ಲ. ನೋಡ್ತಾ ಇರಿ" ಎಂದರು ಅವರು. ಅದರ ಪಕ್ಕಕ್ಕೆ ಇನ್ನೊಂದು ಬೀಳಲಿಲ್ಲ. ಟ್ಯೂಬಿನ ತಳ ಕಾಣುತ್ತಿತ್ತು. ಐದು ಲಕ್ಷ ದಾಟಿ ಇನ್ನೊಂದಿಷ್ಟು ಓಡಿ ಗಾಳಿ ಎಳೆಯುವ ಶಬ್ದ ಬಂತು. ನಿಲ್ಲಿಸಿದೆ.

ಮೂಲೆಯಲ್ಲಿ ಆ ಒಂದೇ ಚುಕ್ಕೆ.

ಡಾಕ್ಟ್ರು ಮತ್ತೂ ಅರ್ಧ ಗಂಟೆ ಬೇರೆ ಬೇರೆ ಬಣ್ಣಗಳ ಚಿತ್ರ ತೆಗೆದು ನೋಡಿದರು. ಆಮೇಲೆ ರೋಗದ ಕೋಶ ಕಾಣಲಿಲ್ಲ ಎಂದು ವರದಿ ಬರೆದರು. ತಪ್ಪುಗಳನ್ನು ದಾಖಲಿಸುವ ಪುಸ್ತಕವನ್ನು ನನ್ನ ಕಡೆ ತಳ್ಳಿದರು. ನನ್ನ ಕೈಯಿಂದಲೇ ಬರೆದೆ, ಅರಿಶಿನ ಎಂಬ ಶಬ್ದವನ್ನು ಕೂಡ. ಅದರ ಕೆಳಗೆ ಅವರು ಒಂದು ಸಾಲು ಸೇರಿಸಿದರು: ಪೂಜೆ ಮಾಡುವುದಾದರೆ ಪ್ರತ್ಯೇಕ ಮೇಜಿನಲ್ಲಿ, ದೇವರ ಪಟಕ್ಕೆ ಮಾತ್ರ. ಮಾಡಬಾರದು ಎಂದು ಬರೆದಾರೆಂದು ನಾನು ಅಂಜಿದ್ದೆ.

ತಾಯಿಯನ್ನು ಒಳಗೆ ಕರೆದು ಅವರೇ ಹೇಳಿದರು. ಬೆಳಗ್ಗಿನ ತಡ ನಮ್ಮ ಕಡೆಯ ತಪ್ಪಿನಿಂದ ಆದದ್ದು, ಮೆಷಿನ್ನಿನದ್ದಲ್ಲ, ಎಂದೂ ಹೇಳಿದರು. ಆ ತಾಯಿ ಅದನ್ನು ಕೇಳಿಸಿಕೊಂಡರೋ ಇಲ್ಲವೋ. "ಕಾಣುವುದಿಲ್ಲವಾ? ಈಗ ಕಾಣುವುದಿಲ್ಲವಾ?" ಎಂದು ಎರಡು ಸಲ ಕೇಳಿದರು, ಮತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು.

ನಾನು ಹೊರಡುವಾಗ ಅವರು ಬೆಂಚಿನ ಹತ್ತಿರ ತಡೆದರು. ಚೀಲದೊಳಗಿಂದ ಬಾಳೆಲೆಯ ಸಣ್ಣ ಪೊಟ್ಟಣ ತೆಗೆದರು. ಬೆಳಿಗ್ಗೆ ಹೊರಡುವ ಮೊದಲು ಊರಿನ ಗಣಪತಿಗೆ ಕೈಮುಗಿದು ತಂದದ್ದಂತೆ. ಮೆಷಿನ್ನಿಗೆ ಸ್ವಲ್ಪ ಹಚ್ಚಬೇಕೆಂದು ದಿನವಿಡೀ ಮಡಿಲಲ್ಲಿ ಇಟ್ಟುಕೊಂಡಿದ್ದರಂತೆ, ಒಳಗೆ ಬರಲು ಧೈರ್ಯವಾಗಲಿಲ್ಲವಂತೆ.

"ನೀವಾದ್ರೂ ಹಚ್ಚಿ ಅಕ್ಕ. ಅದೇ ಅಲ್ವಾ ನಮ್ಮ ಮಗುವನ್ನು ನೋಡಿದ್ದು."

ಪೊಟ್ಟಣ ಬಿಡಿಸಿದೆ. ಒದ್ದೆ ಗಂಧ, ಒಂದು ಎಸಳು ಹೂ. ನನ್ನ ಹಣೆಗೆ ಹಚ್ಚಿಕೊಂಡೆ, ಅವರ ಹಣೆಗೂ ಹಚ್ಚಿದೆ. ಉಳಿದದ್ದನ್ನು ಮಗುವಿಗೆ ಎಂದು ಅವರ ಕೈಯಲ್ಲೇ ಇಟ್ಟೆ. ಆಮೇಲೆ, ಬಸ್ಸಿಗೆ ಹೊತ್ತಾಗಿದ್ದರೂ, ಒಳಗೆ ಹೋಗಿ ಯಂತ್ರದ ದೀಪ ಆರಿದೆಯೇ ಎಂದು ನೋಡಬೇಕಿತ್ತು. ಬಾಗಿಲು ಮುಟ್ಟುವ ಮೊದಲು ನಲ್ಲಿಯ ಹತ್ತಿರ ನಿಂತು ಸಾಬೂನು ಹಾಕಿ ಮೊಣಕೈಯವರೆಗೆ ತೊಳೆದೆ. ಬೆರಳಿನ ವಾಸನೆ ನೋಡಿದೆ. ಗಂಧ ಇನ್ನೂ ಇತ್ತು. ಮತ್ತೊಮ್ಮೆ ತೊಳೆದೆ.